ಹೈಟೆಲೋನ್ ಎಂದರೆ ಅಪ್ಪನ ನಾಡು

"ನಾನು ನಿನ್ನ ಅಪ್ಪ ಅಲ್ಲ!" ಎಂದು ಎಂಬತ್ತಾರು ವರ್ಷದ ಮುದುಕರು ಗಂಜಿಯ ಬಟ್ಟಲನ್ನು ನನ್ನ ಕಡೆಗೇ ತಳ್ಳಿದರು. ನೆದರ್‌ಲ್ಯಾಂಡ್ಸಿನ ಉತ್ತರ ತುದಿಯ ಈ ವೃದ್ಧಾಶ್ರಮದಲ್ಲಿ ನರ್ಸ್ ಆಗಿ ಅದು ನನ್ನ ಮೂರನೆಯ ದಿನ. ಇಲ್ಲಿ ಎಲ್ಲರೂ ಅವರನ್ನು 'ಯೆಲ್ಲೆ' ಎಂದು ಹೆಸರು ಹಿಡಿದೇ ಕರೆಯುತ್ತಾರೆ. ಹಾರನಹಳ್ಳಿಯಲ್ಲಿ ಬೆಳೆದ ನನಗೆ ಅಷ್ಟು ಹಿರಿಯರ ಹೆಸರು ಹೇಳಲು ಬಾಯೇ ಬರಲಿಲ್ಲ. ಡಚ್ ಅಲ್ಲದೆ ಇಲ್ಲಿಯದೇ ಒಂದು ಭಾಷೆಯಿದೆ, ಫ್ರಿಸಿಯನ್. ಅದರಲ್ಲಿ ಅಪ್ಪನಿಗೆ 'ಹೈಟ್' ಅಂತಾರೆ. ನಮ್ಮಲ್ಲಿ ದಾರಿಹೋಕರನ್ನೂ ಅಪ್ಪಾ, ಅಣ್ಣಾ ಅನ್ನುವುದಿಲ್ಲವೇ, ಹಾಗೇ ಇವರನ್ನು ಹೈಟ್ ಅಂದುಬಿಟ್ಟೆ. ಇಲ್ಲಿ ಆ ಮಾತು ಹೆತ್ತವನಿಗೆ ಮಾತ್ರವಂತೆ.

ಮೇಲ್ವಿಚಾರಕಿ ನೇರವಾಗಿ ಹೇಳಿದಳು: "ಎರಡು ತಿಂಗಳು ನೋಡ್ತೀವಿ. ಯೆಲ್ಲೆ ನಿನ್ನನ್ನು ಒಪ್ಪದಿದ್ದರೆ ಕೆಲಸವಿಲ್ಲ." ಕೆಲಸ ಹೋದರೆ ವೀಸಾನೂ ಹೋಯಿತು. ಮಧ್ಯಾಹ್ನಕ್ಕೂ ತಣ್ಣನೆ ಬ್ರೆಡ್ಡು, ಮುದ್ದೆಯಿಲ್ಲದೆ ಹೊಟ್ಟೆ ತುಂಬಿದ್ದೇ ಗೊತ್ತಾಗುತ್ತಿರಲಿಲ್ಲ. ಕೋಣೆಗೆ ಬಂದರೆ ಮಾತಿಗೊಂದು ನರಪಿಳ್ಳೆಯಿಲ್ಲ. ಆದರೂ ಮೂರು ವರ್ಷ ಡಚ್ ಕಲಿತು ಬಂದವಳು ನಾನು. ಅಷ್ಟು ಸುಲಭಕ್ಕೆ ಗಂಟುಮೂಟೆ ಕಟ್ಟುವವಳಲ್ಲ.

ಯೆಲ್ಲೆ ಮೇಷ್ಟರಾಗಿದ್ದವರು ಎಂದು ಗೊತ್ತಾಯಿತು. ಮೇಷ್ಟರನ್ನು ಒಲಿಸಿಕೊಳ್ಳಬೇಕಾದರೆ ಪಾಠ ಕೇಳಬೇಕು, ಅಷ್ಟೇ. "ಈ ಪ್ರಾಂತ್ಯಕ್ಕೆ ಫ್ರೀಸ್ಲಂಟ್ ಅನ್ನೋ ಹೆಸರು ಹೇಗೆ ಬಂತು?" ಎಂದೆ.

"ಅದು ಡಚ್ಚರ ಬಾಯಲ್ಲಿ!" ಎಂದು ಸಿಡುಕಿದರು. "ನಮಗೆ ಫ್ರಿಸ್‌ಲೋನ್. ಈಗ ಸರ್ಕಾರಿ ಹೆಸರೂ ಅದೇ."

ನಮ್ಮ ಕಡೆ ಎಚ್ಚೆಫ್ ಹಸು ಅಂತಾರಲ್ಲ, ಆ 'ಎಫ್' ಅಂದರೆ ಫ್ರಿಸಿಯನ್, ಇವರ ನಾಡಿನದೇ. ನಮ್ಮ ಹಾರನಹಳ್ಳಿಯ ಕೊಟ್ಟಿಗೆಗಳಲ್ಲೂ ನಿಮ್ಮೂರ ಹೆಸರಿದೆ ಎಂದಾಗ ಮೊದಲ ಸಲ ನಕ್ಕರು.

ಅಂದಿನಿಂದ ದಿನಾ ಸ್ನಾನದ ಹೊತ್ತಿಗೆ ಪಾಠ. ರೋಮನ್ನರು ಇಲ್ಲಿಯ ಜನರನ್ನು ಫ್ರಿಸಿ ಎಂದು ಬರೆದರಂತೆ; ಲ್ಯಾಟಿನ್ನಿನಲ್ಲಿ ನಾಡು ಫ್ರಿಸಿಯಾ ಆಯಿತು. ಮೂಲ ಅರ್ಥ ಮಾತ್ರ ಯಾರಿಗೂ ಖಚಿತವಿಲ್ಲ. ಗುಂಗುರು ಕೂದಲಿನವರು ಎಂದು ಕೆಲವರು, ಅಂಚಿನವರು ಎಂದು ಇನ್ನು ಕೆಲವರು. "ಸ್ವತಂತ್ರರು ಅಂತ!" ಎಂದು ಯೆಲ್ಲೆ ತೊಡೆ ಕುಟ್ಟುತ್ತಿದ್ದರು. ಪಂಡಿತರು ಒಪ್ಪಲಿ ಬಿಡಲಿ, ಅವರಿಗೆ ಅದೇ ಬೇಕು. ನಮ್ಮ ಹೆಸರುಗಳು ಸುಲಿದಿಟ್ಟ ತೆಂಗಿನಕಾಯಿಯಂತೆ, ಅರಸೀಕೆರೆ ಎಂದರೆ ಅರಸಿಯ ಕೆರೆ, ಹಳೇಬೀಡು ಎಂದರೆ ಹಳೆಯ ಬೀಡು ಎಂದು ನಾನು ಜಂಬ ಕೊಚ್ಚಿಕೊಂಡೆ. "ಯಾವ ಅರಸಿ?" ಎಂದರು. ಹೊಯ್ಸಳರವಳು ಅನ್ನುವುದರ ಮುಂದೆ ನನಗೂ ತಿಳಿಯದು!

ಒಂದು ದಿನ ತಾಯ್ನಾಡಿಗೆ ನಿಮ್ಮಲ್ಲಿ ಏನಂತೀರಿ ಎಂದು ಕೇಳಿದೆ. "ಹೈಟೆಲೋನ್. ಅಪ್ಪನ ನಾಡು," ಎಂದರು. ತಮ್ಮ ಅಪ್ಪ ನೆನಪಾದರೇನೋ, ಕಣ್ಣು ತುಂಬಿತ್ತು. ನನಗೂ ಊರು ನೆನಪಾಗಿ ಅಳು ತಡೆಯಲಾಗಲಿಲ್ಲ. ಇಬ್ಬರೂ ಅತ್ತೆವು.

ಎರಡು ತಿಂಗಳು ತುಂಬಿದ ದಿನ ಮೇಲ್ವಿಚಾರಕಿ ಕಾಗದ ಹಿಡಿದು ಬಂದಳು. ಯೆಲ್ಲೆ ನನ್ನ ಕೈ ಹಿಡಿದುಕೊಂಡು, "ಇವಳು ಇರಲಿ. ನನ್ನನ್ನು ಹೈಟ್ ಅನ್ನಲಿ," ಎಂದರು.

ಬಾಗಿಲಾಚೆ ಓಡಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿದ್ದ. ಎಲ್ಲ ಕೇಳಿ, "ಗೆದ್ದೆ ಬಿಡವ್ವ!" ಎಂದು ಜೋರಾಗಿ ನಕ್ಕ. ಆಮೇಲೆ, "ಅಲ್ಲೂ ಒಬ್ಬ ಅಪ್ಪ ಸಿಕ್ಕವ್ನೆ. ಇನ್ನು ಊರಿಗೆ ಬರಾಕಿಲ್ವೇನವ್ವಾ?" ಎಂದ.

"ಬತ್ತೀನಿ ಕಣಪ್ಪಾ," ಎನ್ನುವಷ್ಟರಲ್ಲಿ ಒಳಗಿಂದ ಯೆಲ್ಲೆ ಕೂಗಿದರು.

"ಬಂದೆ, ಹೈಟ್!" ಎಂದುಬಿಟ್ಟೆ. ಫೋನು ಇನ್ನೂ ಕಿವಿಯಲ್ಲೇ ಇತ್ತು.