ಸುಣ್ಣದ ಬ್ಲಾಂದಿನ್ ಮತ್ತು ಬೀರುವಿನ ಮೇಲಿನ ದೋಸೆ

ಕೋಳಿ ಕೂಗಲು ಇನ್ನೂ ಸ್ವಲ್ಪ ಹೊತ್ತಿದೆ. ಪೆರ್ಷ್ ಸೀಮೆಯ ಗುಡ್ಡಗಳ ಮೇಲೆ ಅಕ್ಟೋಬರಿನ ಮಂಜು ಹಸುಗಳ ಜೊತೆಯಲ್ಲೇ ಮಲಗಿದೆ. ಲುಬಿನೋ ಮನೆಯ ಊಟದ ಕೋಣೆಯಲ್ಲಿ ಮಾತ್ರ ಒಂದು ದೀಪ. ಅದರ ಬೆಳಕಿನಲ್ಲಿ ಒಬ್ಬ ಹೆಂಗಸು ಗೋಡೆಗೆ ಕಿವಿಯಿಟ್ಟು ನಿಂತಿದ್ದಾರೆ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾರೆ, ಕೇಳುತ್ತಾರೆ, ಒಂದು ಹೆಜ್ಜೆ ಸರಿಯುತ್ತಾರೆ, ಮತ್ತೆ ತಟ್ಟುತ್ತಾರೆ. ಆಮೇಲೆ ಬಕೆಟ್ಟಿನಿಂದ ತಣ್ಣೀರು ಮೊಗೆದು ಗೋಡೆಗೆ ಎರಚುತ್ತಾರೆ, ಮಗುವಿನ ಮುಖ ತೊಳೆಯುವವರ ಹಾಗೆ, ಮೇಲಿನಿಂದ ಕೆಳಗೆ.

"ಮೊದಲು ನೀರು ಕುಡಿಸಬೇಕು. ಬಾಯಾರಿದ ಗೋಡೆ ಸುಣ್ಣಾನ ಗಟಗಟ ಕುಡಿದುಬಿಡುತ್ತೆ, ಆಮೇಲೆ ಪುಡಿಪುಡಿ ಮಾಡಿ ಉಗುಳುತ್ತೆ" ಎನ್ನುತ್ತಾರೆ ಬ್ಲಾಂದಿನ್ ಫೂಗೆರೆ. ಸುತ್ತಲಿನ ಹಳ್ಳಿಗಳಲ್ಲಿ ಅವರ ಮನೆತನದ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. 'ಸುಣ್ಣದ ಬ್ಲಾಂದಿನ್' ಎಂದರೆ ನಾಯಿಗಳೂ ದಾರಿ ತೋರಿಸುತ್ತವೆ.

ಸುಣ್ಣಕ್ಕೆ ಅವರು ಬೆರೆಸುವುದು ಇದೇ ಗುಡ್ಡದ ಮಣ್ಣು, ಅರಿಶಿನಕ್ಕೂ ಗುಲಾಬಿಗೂ ನಡುವಿನ ಒಂದು ಬಣ್ಣ. ಅಗಲದ ಕುಂಚ ಗೋಡೆಯ ಮೇಲೆ ಅಡ್ಡಡ್ಡ ಉದ್ದುದ್ದ ಹಾಯುತ್ತದೆ. ಆದರೆ ಹಸಿ ಸುಣ್ಣ ಬೆಳ್ಳಗಿರುವುದಿಲ್ಲ. ಬೂದು ನೀರಿನ ಹಾಗೆ ತೆಳ್ಳಗಿರುವುದರಿಂದ ಹಳೆಯ ಹೊಗೆಯ ಕಲೆ, ಜಿಡ್ಡು, ಮೊಳೆಯ ತೂತು ಎಲ್ಲವೂ ಮೊದಲಿಗಿಂತ ಎದ್ದು ಕಾಣುತ್ತವೆ. ಮನೆಯ ಮಗಳು ಮರಿವೋನ್ ಕಾಫಿಯ ಬಟ್ಟಲು ಹಿಡಿದು ಬಂದವಳು ಬಾಗಿಲಲ್ಲೇ ನಿಂತುಬಿಡುತ್ತಾಳೆ.

"ಅಯ್ಯೋ ಅಕ್ಕಾ, ಇದೇನಿದು? ಇದ್ದದ್ದಕ್ಕಿಂತ ಕೊಳಕಾಯ್ತಲ್ಲ! ಹಂದಿಗೂಡು ಇದಕ್ಕಿಂತ ವಾಸಿ."

"ಗೋಡೆ ನೋಡ್ಬೇಡ. ಕಾಫಿ ಕೊಡು."

"ಇನ್ನೇನು ಈ ವಾರದಲ್ಲೇ ಮನೆಮಂದಿಯೆಲ್ಲ ಇಲ್ಲಿ ಊಟಕ್ಕೆ ಕೂರ್ಬೇಕು."

"ಗೋಡೆಗೂ ಗೊತ್ತಮ್ಮ ಅದು. ನಿನಗಿಂತ ಹಳೇದು ಇದು."

ಸೂರ್ಯ ಸೇಬಿನ ಮರಗಳ ಮೇಲೆ ಬರುತ್ತಾನೆ. ಕಿಟಕಿಯ ಪಕ್ಕದ ಮೂಲೆಯಿಂದ ಸುಣ್ಣ ಒಣಗಲು ಶುರುವಾಗುತ್ತದೆ. ಮೊದಲು ಅಂಗೈಯಗಲ, ಆಮೇಲೆ ಸೆರಗಿನಗಲ. ಬೂದು ಮೆಲ್ಲಗೆ ಹಿಂದಕ್ಕೆ ಸರಿದು, ಒಳಗಿನಿಂದ ಯಾರೋ ಕೈದೀಪ ಹಿಡಿದು ನಡೆದುಬಂದಂತೆ ಗೋಡೆ ಬೆಳಗತೊಡಗುತ್ತದೆ. ಹಾಲಿನ ಕೆನೆಯ ಬಣ್ಣ, ಅದರಡಿಯಲ್ಲಿ ಮಣ್ಣಿನ ಒಂದು ನಸುಗೆಂಪು. ಉಕ್ಕುವ ಹಾಲಿಗಾದರೂ ಸದ್ದಿದೆ. ಇದಕ್ಕೆ ಅದೂ ಇಲ್ಲ. ಮರಿವೋನ್ ಬಾಯಿ ಮೇಲೆ ಕೈಯಿಟ್ಟುಕೊಂಡು ನೋಡುತ್ತಾಳೆ. ಇದನ್ನು ಮೂವತ್ತು ವರ್ಷ ನೋಡಿರುವ ಬ್ಲಾಂದಿನ್ ಕೂಡ ಕಾಫಿ ಕುಡಿಯುವುದನ್ನು ಮರೆತು ನೋಡುತ್ತಾರೆ.

"ನಾನು ಬಳಿಯೋದು ಅಷ್ಟೆ. ಬೆಳ್ಳಗೆ ಮಾಡೋದು ನಾನಲ್ಲ. ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ."

ಹಳ್ಳಿಮನೆಗಳ ಊಟದ ಕೋಣೆಗಳನ್ನು ಮತ್ತೆ ಊಟದ ಕೋಣೆಗಳನ್ನಾಗಿ ಮಾಡುವುದು ಬ್ಲಾಂದಿನ್ ಅವರ ಕಸುಬು. ತೊಲೆಗಳ ಮಸಿ ಒರೆಸುತ್ತಾರೆ. ಆರು ಮೂಲೆಯ ಕೆಂಪು ನೆಲಬಿಲ್ಲೆಗಳಿಗೆ ಮೊಣಕಾಲೂರಿ ಜೇನುಮೇಣ ಉಜ್ಜುತ್ತಾರೆ. ಕುಸಿದ ಕುರ್ಚಿಗಳಿಗೆ ಹೊಸ ಜೊಂಡು ಹೆಣೆಯುತ್ತಾರೆ. ಕಿಟಕಿಗೆ ಕೆಂಪು ಚೌಕುಳಿ ಬಟ್ಟೆ, ಒಲೆಯ ಮೇಲೆ ತಾಮ್ರದ ಪಾತ್ರೆಗಳು, ಬೀರುವಿನಲ್ಲಿ ಹೂ ಬರೆದ ಪಿಂಗಾಣಿ ತಟ್ಟೆಗಳು. ತಟ್ಟೆಗಳನ್ನು ಗೋಡೆಗೆ ಒರಗಿಸುವುದಿಲ್ಲ. ಅಡ್ಡಪಟ್ಟಿಯ ಮೇಲೆ ಮುಂದಕ್ಕೆ ಬಾಗಿಸಿಡುತ್ತಾರೆ, ಎಲ್ಲ ತಟ್ಟೆಗಳೂ ಮೇಜಿನತ್ತ ಬಗ್ಗಿ ಇವತ್ತೇನು ಅಡುಗೆ ಎಂದು ಇಣುಕುವ ಹಾಗೆ. "ಮುಖದ ಮೇಲೆ ಧೂಳು ಕೂರಬಾರದು ಅಂತ. ಅಮ್ಮ ಹಾಗೇ ಇಡ್ತಿದ್ಲು."

ಅಮ್ಮನ ಕೆಲಸ ಜೊಂಡು ಹೆಣೆಯುವುದು. ಕೊಳದ ದಂಡೆಯಲ್ಲಿ ಕೊಯ್ದ ಜೊಂಡನ್ನು ಒದ್ದೆ ಮಾಡಿ, ಹೊಸೆದು, ಮನೆಮನೆಯ ಕುರ್ಚಿಗಳಿಗೆ ಕಟ್ಟುತ್ತಿದ್ದಳು. ಬ್ಲಾಂದಿನ್ ದೊಡ್ಡವರಾದ ಮೇಲೆ ಬಿಸ್ಕತ್ತಿನ ಕಾರ್ಖಾನೆ ಸೇರಿದರು. ಅದು ಮುಚ್ಚಿದಾಗ ಕೈಗೆ ಕೆಲಸವಿಲ್ಲದೆ, ಪಕ್ಕದ ಕೊಟ್ಟಿಗೆಗೆ ಸುಣ್ಣ ಬಳಿಯುತ್ತಿದ್ದ ಒಬ್ಬ ಮುದುಕ ಗಾರೆಯವನ ಬಳಿ ಹೋಗಿ ನಿಂತರು. ಅವನು ತಲೆಯೆತ್ತದೆ ಕುಂಚ ಚಾಚಿದನಂತೆ. "ನೋಡ್ತಾ ನಿಂತ್ರೆ ಕೊಟ್ಟಿಗೆ ಬೆಳ್ಳಗಾಗಲ್ಲ ಮಗಾ ಅಂದ. ಅಷ್ಟೇ ನನ್ನ ಓದು."

ಸುಣ್ಣ ಸುಮ್ಮನೆ ಬಿಡುವುದಿಲ್ಲ. ಬೆರಳುಗಳು ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟಿವೆ. ರಾತ್ರಿ ಬಾತುಕೋಳಿಯ ಕೊಬ್ಬು ಸವರಿ, ಹಳೆಯ ಕಾಲುಚೀಲಕ್ಕೆ ಕೈ ತೂರಿಸಿ ಮಲಗುತ್ತಾರೆ. ಒಮ್ಮೆ ಚಾವಣಿಯಿಂದ ಒಂದು ಹನಿ ಎಡಗಣ್ಣಿಗೆ ಬಿದ್ದು, ಒಂದು ಚಳಿಗಾಲವಿಡೀ ಲೋಕದ ಅರ್ಧ ಮಂಜಿನಲ್ಲಿತ್ತು. ಈಗಲೂ ಸಂಜೆ ಆ ಕಣ್ಣು ನೀರಾಡುತ್ತದೆ. "ಒಳ್ಳೇದೇ ಆಯ್ತು, ಸಣ್ಣಪುಟ್ಟ ಕಲೆ ಕಾಣಲ್ಲ" ಎಂದು ನಗುತ್ತಾರೆ. ಹಿಮ ಬಿದ್ದರೆ ಹಸಿ ಸುಣ್ಣ ಸಾಯುತ್ತದೆ. ಆಗ ಕುಂಚ ತೊಳೆದಿಟ್ಟು, ಒಲೆಯ ಮುಂದೆ ಅಮ್ಮನ ಜೊಂಡು ಹಿಡಿಯುತ್ತಾರೆ.

ಅವರದ್ದೊಂದು ಪದ್ಧತಿಯಿದೆ. ಯಾವ ಕೋಣೆಯೇ ಆಗಲಿ, ಕೆಲಸ ಶುರುಮಾಡುವ ಮೊದಲು ಒಂದು ದಿನ ಸುಮ್ಮನೆ ಅಲ್ಲಿ ಕೂರುತ್ತಾರೆ. ಬಿಸಿಲು ಯಾವ ಕಿಟಕಿಯಿಂದ ಬಂತು, ಯಾವ ಕುರ್ಚಿಯನ್ನು ಮುಟ್ಟಿತು, ಎಲ್ಲಿ ಹೋಗಿ ಆರಿತು. ಲುಬಿನೋ ಮನೆಯಲ್ಲಿ ಕೂತ ದಿನ ಅವರಿಗೆ ಕಂಡದ್ದು, ಬಿಸಿಲು ಕೊನೆಗೆ ಬಂದು ನಿಲ್ಲುವುದು ಯಜಮಾನ ಕೂರುವ ಮೇಜಿನ ತಲೆಯ ಪಕ್ಕದ ಒಂದು ಕುರ್ಚಿಯ ಮೇಲೆ. ಅದು ಮಾದೋ ಕೂರುತ್ತಿದ್ದ ಜಾಗ.

ಮಾದೋ ಮರಿವೋನಳ ತಾಯಿ. ಏಪ್ರಿಲ್‌ನಲ್ಲಿ ತೀರಿಕೊಂಡಳು. ಅಂದಿನಿಂದ ಅವಳ ಗಂಡ ಫಿರ್ಮಿನ್ ಲುಬಿನೋ, ಊರಿಗೆಲ್ಲ ಲುಬಿನೋ ಅಜ್ಜ, ಊಟದ ಕೋಣೆಗೆ ಕಾಲಿಟ್ಟಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ಬಾಗಿಲಿನ ಕಡೆಗೆ ಮುಖ ಮಾಡಿ, ತೊಡೆಯ ಮೇಲೆ ಬಟ್ಟಲಿಟ್ಟುಕೊಂಡು ಸೂಪು ಕುಡಿದು ಎದ್ದುಹೋಗುತ್ತಾರೆ. ಮಗಳು, ಅಳಿಯ, ಮೊಮ್ಮಕ್ಕಳು ಒಬ್ಬೊಬ್ಬರೇ ತಿನ್ನುತ್ತಾರೆ. ನವೆಂಬರ್ ಒಂದರ ಸಕಲ ಸಂತರ ದಿನ ಸಮಾಧಿಗೆ ಸೇವಂತಿಗೆ ಇಟ್ಟು ಬಂದ ಮೇಲೆ ಎಲ್ಲರೂ ಆ ಮೇಜಿಗೆ ಕೂರಬೇಕು, ಅಪ್ಪ ಅದರ ತಲೆಯಲ್ಲಿ ಕೂರಬೇಕು ಎನ್ನುವುದು ಮರಿವೋನಳ ಹಟ. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಏನು ಬೇಕಾದ್ರೂ ಮಾಡ್ಕೊಳ್ಳಿ. ಬೀರುವಿನ ತಲೆಗೆ ಮಾತ್ರ ಕೈ ಹಾಕ್ಬೇಡಿ" ಎಂದಷ್ಟೇ ಹೇಳಿದರು.

ಬೀರುವಿನ ಮೇಲೆ ಏನಿದೆಯೆಂದು ಬ್ಲಾಂದಿನ್ ಕೇಳಲಿಲ್ಲ. ಇಲ್ಲಿ ಯಾರೂ ಕೇಳುವುದಿಲ್ಲ. ಫೆಬ್ರವರಿಯ ಮೇಣಬತ್ತಿ ಹಬ್ಬದ ದಿನ ಒಂದು ಕೈಯಲ್ಲಿ ಚಿನ್ನದ ನಾಣ್ಯ ಹಿಡಿದು, ಇನ್ನೊಂದು ಕೈಯಲ್ಲಿ ಬಾಣಲೆ ಹಿಡಿದು, ಮನೆಯಾಕೆ ಮೊದಲ ಕ್ರೇಪನ್ನು ಗಾಳಿಗೆ ಹಾರಿಸಿ ಮಗುಚುತ್ತಾಳೆ. ಗೋಧಿಹಿಟ್ಟಿನ ತೆಳು ದೋಸೆ ಅದು. ಆ ಮೊದಲನೆಯದನ್ನು ಯಾರೂ ತಿನ್ನುವಂತಿಲ್ಲ. ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಬೀರುವಿನ ಮೇಲಿಡುತ್ತಾರೆ. ಅದು ಅಲ್ಲಿರುವ ತನಕ ಮನೆಯಲ್ಲಿ ಗೋಧಿಗೆ ಬರವಿಲ್ಲ. ಮರುವರ್ಷ ಹೊಸದು ಬರುವವರೆಗೆ ಹಳೆಯದು ಕಾವಲು. ಈ ಬೀರುವಿನ ಮೇಲಿದ್ದದ್ದು ಮಾದೋ ಹಾರಿಸಿದ ಕೊನೆಯ ದೋಸೆ.

ತಪ್ಪು ನಡೆದದ್ದು ಸುಣ್ಣ ಬಳಿಯಲೆಂದು ಬೀರುವನ್ನು ಅಂಗಳದಾಚೆಯ ಸೌದೆಮನೆಗೆ ಸಾಗಿಸುವಾಗ. ಮಳೆ ಹನಿಯುತ್ತಿತ್ತು, ಎತ್ತಲು ಬಂದಿದ್ದ ಅಕ್ಕಪಕ್ಕದವರು "ಬೇಗ, ಬೇಗ" ಎನ್ನುತ್ತಿದ್ದರು. ಬೀರು ಮುಟ್ಟುವ ಮೊದಲು ಏಣಿ ಹತ್ತಿ ಮೇಲಿನದನ್ನು ಇಳಿಸುವುದು ಬ್ಲಾಂದಿನ್ ಎಂದೂ ತಪ್ಪಿಸದ ನೇಮ. ಅಂದು ತಪ್ಪಿತು. ಹೊಸ್ತಿಲಲ್ಲಿ ಬೀರು ವಾಲಿತು, ಏನೂ ಆಗದೆ ದಾಟಿತು, ಎಲ್ಲರೂ ಉಸ್ಸೆಂದರು. ಸ್ವಲ್ಪ ಹೊತ್ತಿನ ಮೇಲೆ ಬ್ಲಾಂದಿನ್ ಬೀರುವಿನ ತಲೆಯತ್ತ ನೋಡಿದರೆ ಪೊಟ್ಟಣವಿಲ್ಲ. ಹುಡುಕಿಕೊಂಡು ಹೋದಾಗ ಸೌದೆಮನೆಯ ಹಿಂದೆ, ಮನೆಯ ನಾಯಿ ಪಿಪೋ ಬಾಯಿ ಚಪ್ಪರಿಸುತ್ತಿತ್ತು. ಅದರ ಪಾದದಡಿ ಚಿಂದಿ ಕಾಗದ, ಒಂದು ಗೇಣು ದಾರ.

ಬೇರೆ ಯಾರೂ ನೋಡಿರಲಿಲ್ಲ. "ಸುಳ್ಳು ಯಾಕೆ ಹೇಳ್ಲಿ? ಮನೆಗೆ ಹೋಗಿ ಹಿಟ್ಟು ಕಲಸಿದೆ. ಬಾಣಲೆ ಒಲೆ ಮೇಲಿಟ್ಟೆ. ಒಂದು ಹುಯ್ದು, ಒಲೆ ಪಕ್ಕ ಒಣಗಿಸಿ, ಹಳೇ ಕಾಗದದಲ್ಲಿ ಸುತ್ತಿಟ್ರೆ ಯಾರಿಗೆ ಗೊತ್ತಾಗುತ್ತೆ? ಹೊಸ ಗಾರೆ ಮೆತ್ತಿದ ಜಾಗಾನೂ ಹಳೇ ಗೋಡೆ ಥರಾನೇ ಕಾಣೋ ಹಾಗೆ ಮಾಡೋಳು ನಾನು." ಬ್ಲಾಂದಿನ್ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ. "ಬಾಣಲೆ ಕಾದು ಹೊಗೆ ಬಂತು. ಕೈ ಮುಂದೆ ಹೋಗ್ಲಿಲ್ಲ. ಗೋಡೆಗೆ ವಯಸ್ಸು ಬರಿಸೋದು ಕಸುಬು. ದೋಸೆಗೆ ವಯಸ್ಸು ಬರಿಸಿದ್ರೆ ಅದು ಕಳ್ಳತನ."

ಲುಬಿನೋ ಅಜ್ಜ ಕೊಟ್ಟಿಗೆಯಲ್ಲಿ ಸೀಡರ್ ಮದ್ಯಕ್ಕೆ ಸೇಬು ಆರಿಸುತ್ತಿದ್ದರು. ಬ್ಲಾಂದಿನ್ ಎದುರಿಗೆ ಹೋಗಿ ನಿಂತರು.

"ಅಜ್ಜ, ಬೀರುವಿನ ಮೇಲಿದ್ದ ಮಾದೋ ಅಮ್ಮನ ದೋಸೆ ಹೋಯ್ತು. ತಪ್ಪು ನಂದೇ. ಇಳಿಸದೆ ಬೀರು ಎತ್ತಿಸಿದೆ. ಪಿಪೋ ತಿಂದುಬಿಡ್ತು."

ಅಜ್ಜ ಒಂದು ಸೇಬನ್ನು ಬುಟ್ಟಿಗೆ ಹಾಕಿದರು. ಇನ್ನೊಂದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಪೂರ್ತಿ ತಿಂತಾ?"

"ದಾರ ಉಳಿದಿದೆ."

ದಾರ ಇಸಿದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡರು.

"ನಾಯಿ ಹೇಗಿದೆ?"

"ಚೆನ್ನಾಗೇ ಇದೆ ಅಜ್ಜ."

"ಹಾಗಾದ್ರೆ ಅದರ ಹಲ್ಲು ಗಟ್ಟಿ. ಅವಳ ಮೊದಲನೇ ದೋಸೆ ಅಂದ್ರೆ ಬೂಟಿನ ಅಟ್ಟೆ." ಅಜ್ಜನ ಹೆಗಲು ಅಲುಗಿತು. ನಗುವೋ ಇನ್ನೇನೋ, ಬ್ಲಾಂದಿನ್‌ಗೆ ತಿಳಿಯಲಿಲ್ಲ. "ಹೋಗು, ನಿನ್ನ ಸುಣ್ಣ ಒಣಗುತ್ತೆ."

ಹಬ್ಬದ ದಿನ ಮೇಜಿಗೆ ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಸಕಲ ಸಂತರ ದಿನ. ಗೋಡೆ ಈಗ ಸ್ವತಃ ಬೆಳಕು ಕೊಡುವಷ್ಟು ಬೆಳಗಿದೆ. ನೆಲ ಮಾಗಿದ ಹಣ್ಣಿನ ಹಾಗೆ ಹೊಳೆಯುತ್ತದೆ. ಓಕ್ ಮರದ ಉದ್ದನೆಯ ಮೇಜಿನ ಮೇಲೆ ಮಾದೋಳ ನಾರುಬಟ್ಟೆ, ಬೀರುವಿನಲ್ಲಿ ತಟ್ಟೆಗಳು ಬಗ್ಗಿ ಇಣುಕುತ್ತಿವೆ, ಒಲೆಯ ಮೇಲೆ ಹುಂಜದ ಸಾರು ಕುದಿಯುತ್ತಿದೆ. ಬ್ಲಾಂದಿನ್ ಬಕೆಟ್ಟು, ಕುಂಚ ಕಟ್ಟಿಕೊಳ್ಳುತ್ತಾರೆ. ಇಷ್ಟು ವರ್ಷಗಳಲ್ಲಿ ತಾವು ಸಿಂಗರಿಸಿದ ಒಂದು ಕೋಣೆಯಲ್ಲೂ ಅವರು ಕೂತು ಉಂಡದ್ದಿಲ್ಲ. ಮೇಜು ಸಿದ್ಧವಾಗುವ ಹೊತ್ತಿಗೆ ಅವರ ವ್ಯಾನು ಮುಂದಿನ ಹಳ್ಳಿಯ ದಾರಿ ಹಿಡಿದಿರುತ್ತದೆ.

ಈ ಸಲ ಬಾಗಿಲಲ್ಲೇ ಎದುರಾಗುತ್ತಾರೆ ಅಜ್ಜ, ಕಪ್ಪು ಕೋಟು, ಬೆರಳಲ್ಲಿ ಸಮಾಧಿಯ ಮಣ್ಣು. ಹಿಂದೆ ಇಡೀ ಮನೆಮಂದಿ. ಅಜ್ಜ ಹೊಸ್ತಿಲಲ್ಲಿ ನಿಂತು ಗೋಡೆ ನೋಡುತ್ತಾರೆ. ಕಿಟಕಿಯಿಂದ ಬಂದ ಬಿಸಿಲನ್ನು ನೋಡುತ್ತಾರೆ. ಆಮೇಲೆ ಒಳಗೆ ಬರುತ್ತಾರೆ. ನೇರ ಬೀರುವಿನ ಬಳಿ ಹೋಗಿ, ಕೈ ಎತ್ತಿ ಅದರ ತಲೆ ಸವರುತ್ತಾರೆ. ಬರಿ ಮರ. ಜೇಬಿನಿಂದ ದಾರ ತೆಗೆದು, ಸುರುಳಿ ಸುತ್ತಿ, ಅದೇ ಜಾಗದಲ್ಲಿ ಇಡುತ್ತಾರೆ.

"ಎಲ್ಲಿಗೆ ಹೊರಟೆ ನೀನು?"

"ನನ್ನ ಕೆಲಸ ಮುಗೀತಲ್ಲ ಅಜ್ಜ. ಮೈಯೆಲ್ಲ ಸುಣ್ಣ."

"ಗೋಡೆ ಮೈಯೂ ಸುಣ್ಣವೇ. ಅದನ್ನ ಆಚೆ ಕಳಿಸಿದೀವಾ? ಕೂತ್ಕೋ."

ಅವರು ಎಳೆದುಕೊಟ್ಟದ್ದು ಬಿಸಿಲು ಬಂದು ನಿಲ್ಲುವ ಆ ಕುರ್ಚಿ. ಬ್ಲಾಂದಿನ್ ತುದಿಯಲ್ಲಿ ಕೂರುತ್ತಾರೆ, ತಾವೇ ಹೆಣೆದ ಜೊಂಡು ತಮ್ಮನ್ನು ಹೊರುತ್ತದೋ ಇಲ್ಲವೋ ಎನ್ನುವ ಹಾಗೆ. ಆಗ ಅಜ್ಜ ಮೇಜಿನ ತಲೆಯಲ್ಲಿ ಕೂರುತ್ತಾರೆ. ರೊಟ್ಟಿಯ ಬೆನ್ನ ಮೇಲೆ ಚಾಕುವಿನಿಂದ ಶಿಲುಬೆ ಗೀರಿ, ಮೊದಲ ತುಂಡನ್ನು ಕತ್ತರಿಸುತ್ತಾರೆ. ಮರಿವೋನ್ ಸಾರಿನ ಪಾತ್ರೆ ತರುವ ನೆಪದಲ್ಲಿ ಅಡುಗೆಮನೆಗೆ ಓಡುತ್ತಾಳೆ, ತರಲು ಬಹಳ ಹೊತ್ತು ಮಾಡುತ್ತಾಳೆ.

"ಮೇಣಬತ್ತಿ ಹಬ್ಬಕ್ಕೆ ಬಾ" ಎನ್ನುತ್ತಾರೆ ಅಜ್ಜ, ರೊಟ್ಟಿಯ ತುಂಡನ್ನು ಬ್ಲಾಂದಿನ್ ಕಡೆ ಸರಿಸುತ್ತಾ. "ಮೊದಲನೇದನ್ನ ನೀನು ಹಾರಿಸು. ದಾರ ಹೇಗೂ ಇದೆ."

ಮೇಜಿನಡಿಯಲ್ಲಿ ಪಿಪೋ ಬಾಲದಿಂದ ನೆಲ ಬಡಿಯುತ್ತದೆ. ಬ್ಲಾಂದಿನ್ ಒದ್ದೆಯಾದ ಎಡಗಣ್ಣನ್ನು ತೋಳಿನಿಂದ ಒರೆಸಿಕೊಳ್ಳುತ್ತಾರೆ. ಬಲಗಣ್ಣನ್ನೂ. ಇನ್ನೇನು ಆಸೆಯಿದೆ ಎಂದು ಕೇಳಿದರೆ, ಹೊಳೆಯುವ ಕೆಂಪು ನೆಲವನ್ನೊಮ್ಮೆ ನೋಡಿ ಹೇಳುತ್ತಾರೆ:

"ಹಾರಿಸಿದ್ದು ಸರಿಯಾಗಿ ಬಾಣಲೆಗೇ ಬೀಳಲಿ, ಅಷ್ಟೇ. ಕೆಳಗೆ ಬಿದ್ರೆ ಮತ್ತೆ ಮೇಣ ಉಜ್ಜೋಳು ನಾನೇ ಅಲ್ವಾ."