ಯಾರೂ ನೋಡದ ಲಿಸಿಲ್ಲಕ್ಕ

ಆಥೆನ್ಸ್ ಬಳಿಯ ಈ ಊರಿಗೆ ಪಕ್ಕದ ಮನೆಯ ಲಿಸಿಲ್ಲಕ್ಕ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷವಾದರೂ ಅವಳ ಮುಖವನ್ನು ಒಬ್ಬ ಪರಗಂಡಸೂ ನೋಡಿರಲಿಲ್ಲ. ಅದು ಅವಳ ಹೆಮ್ಮೆ. ನಾಲ್ಕು ವರ್ಷದ ಹಿಂದೆ ಗಂಡನ ಹೆಣ ಹೊತ್ತಾಗಲೂ ಅವಳ ಮುಸುಕು ಜಾರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಬಾಗಿಲಲ್ಲಿ ನಿಂತರೆ ತನ್ನ ಕಿಟಕಿಯ ಸಂದಿಯಿಂದಲೇ ಗದರುತ್ತಿದ್ದಳು.

"ಒಳಗೆ ಹೋಗೇ. ಬೀದೀಲೇನು ನಿಮ್ಮಪ್ಪ ಬರ್ತಾನಾ? ಗಂಡಸರ ಬಾಯಲ್ಲಿ ನಮ್ಮ ಹೆಸರು ಓಡಾಡಬಾರದು ಕಣೆ."

ನನ್ನ ಹೆರಿಗೆಯಲ್ಲಿ ಬೆನ್ನು ಹಿಡಿದವಳು ಅವಳೇ. ಮಗುವಿಗೆ ಹೊಟ್ಟೆನೋವು ಬಂದಾಗ ಸೋಂಪಿನ ನೀರು ಕುದಿಸಿ ತಂದವಳೂ ಅವಳೇ, ಹಿತ್ತಲಿಂದ ಹಿತ್ತಲಿಗೆ.

ಅವಳ ತವರು ಹಿಮೆಟ್ಟೋಸ್ ಬೆಟ್ಟದ ಆಚೆ. ಮದುವೆಯ ವರ್ಷವೇ ಅಪ್ಪ, ಅಣ್ಣ ಇಬ್ಬರೂ ಒಂದೇ ಹಡಗಿನಲ್ಲಿ ಮುಳುಗಿ ಸತ್ತರು. ಸೊಸೆ ಯಾರ ಮಗಳೆಂದು ಗಂಡನ ಕುಲದವರಿಗೆ ಸಾರುವ ಮದುವೆಯೂಟವನ್ನು ಸೂತಕದ ಮನೆಯಲ್ಲಿ ಹಾಕಲಿಲ್ಲ. ಮುಂದಿನ ವರ್ಷ ನೋಡೋಣ ಎಂದ ಗಂಡ ಹಾಕಲೇ ಇಲ್ಲ.

ಈ ವರ್ಷ ಅವಳ ಒಬ್ಬನೇ ಮಗ ಫಿಲಾಗ್ರನಿಗೆ ಹದಿನೆಂಟು ತುಂಬಿತು. ಊರಿನ ಗಂಡಸರು ಸಭೆ ಸೇರಿ, ಪರವೋ ವಿರುದ್ಧವೋ ಎಂದು ಹರಳು ಹಾಕಿ, ಇವನ ತಾಯಿತಂದೆ ಇಬ್ಬರೂ ನಮ್ಮವರೇ ಎಂದು ಒಪ್ಪಿದರೆ ಊರಿನ ಪಟ್ಟಿಯಲ್ಲಿ ಹೆಸರು, ಅಪ್ಪನ ಮನೆ, ಆಲಿವ್ ತೋಟ. ಒಪ್ಪದಿದ್ದರೆ ಅವನು ಹೊರಗಿನವನು. ಹೊರಗಿನವನಿಗೆ ಒಂದು ಗೇಣು ನೆಲವೂ ಇಲ್ಲ. ಎಲ್ಲ ಚಿಕ್ಕಪ್ಪ ಥ್ರಾಸನ್‌ಗೆ. ಆ ಥ್ರಾಸನ್, ಅಣ್ಣ ಎಲ್ಲಿಂದಲೋ ಪರದೇಶದವಳನ್ನು ತಂದಿದ್ದ ಎಂದು ಕ್ಷೌರದಂಗಡಿಯಲ್ಲಿ ಕೂತು ಹಬ್ಬಿಸಲು ಶುರುಮಾಡಿದ್ದ.

ಸಭೆಯ ಹಿಂದಿನ ದಿನ ನನ್ನ ಗಂಡ ಹೆಗಿಯಾಸ ಊಟಕ್ಕೆ ಕೂತಾಗ ಮಾತು ತೆಗೆದೆ.

"ರೀ, ಎರಡು ವರ್ಷದ ಹಿಂದೆ ಬೆಳೆ ಕೊಡೋ ದೆಮೆತೆರ್ ತಾಯಿ ಹಬ್ಬಕ್ಕೆ ನಾವು ಹೆಂಗಸರೆಲ್ಲ ಸೇರಿ ಲಿಸಿಲ್ಲಕ್ಕನ್ನೇ ಹಿರಿಯಳು ಅಂತ ಆರಿಸಿದ್ವಿ. ಹೊರಗಿನವಳನ್ನ ಅಲ್ಲಿ ಹತ್ರಕ್ಕೂ ಬಿಡಲ್ಲ. ಇದನ್ನ ಸಭೇಲಿ ಹೇಳಿ."

"ನೋಡಿದೋರು ಯಾರು?"

"ಊರಿನ ಹೆಂಗಸರೆಲ್ಲ."

"ಗಂಡಸರು?"

"ಆ ಹಬ್ಬದಲ್ಲಿ ಗಂಡಸರಿಗೇನು ಕೆಲಸ?"

"ಮತ್ತೆ? ಹೆಂಡ್ತಿ ಹೇಳಿದ್ಲು ಅಂತ ಎದ್ದು ನಿಂತು ಹೇಳ್ಲಾ? ಅದೂ ಸತ್ತೋನ ಹೆಂಡ್ತಿ ಹೆಸರು ಎತ್ತಿ? ಅವಳು ನಿನಗೆ ಹೆಂಗಯ್ಯಾ ಗೊತ್ತು ಅಂತ ಥ್ರಾಸನ್ ಕೇಳಿದ್ರೆ ಊರೇ ನಗುತ್ತೆ." ಬಾರ್ಲಿ ರೊಟ್ಟಿ ಮುರಿದು ಎಣ್ಣೆಗೆ ಅದ್ದಿದ. "ನನ್ನ ಹರಳು ಹುಡುಗನ ಕಡೆಗೇ ಹಾಕ್ತೀನಿ ಬಿಡು."

ಮರುದಿನ ಫಿಲಾಗ್ರನಿಗಿಂತ ಮೊದಲು ಮೀನು ಮಾರುವ ಮಿರ್ಟಳ ಮಗನ ಸರದಿ ಬಂದಿತಂತೆ. ಇವನ ತಾಯಿ ಯಾರಿಗಾದರೂ ಗೊತ್ತೇ ಎಂದು ಊರ ಮುಖ್ಯಸ್ಥ ಕೇಳಿದ್ದಕ್ಕೆ ಸಭೆಯೆಲ್ಲ ನಗು. "ಗೊತ್ತಿಲ್ದೇ ಏನು? ನಿನ್ನೆ ತಾನೇ ನನ್ನ ವಂಶಾನೆಲ್ಲ ಜಾಲಾಡಿದ್ಲು," ಎಂದ ಒಬ್ಬ. ಹುಡುಗ ಪಾಸು.

ಆಮೇಲೆ ಫಿಲಾಗ್ರ ನಿಂತ. ತಾಯಿಯ ಅಪ್ಪನ ಹೆಸರು, ಊರು, ಎಲ್ಲ ಸರಿಯಾಗಿಯೇ ಹೇಳಿದ. ಸಾಕ್ಷಿ ಯಾರು ಎಂದಾಗ ಯಾರೂ ಏಳಲಿಲ್ಲ. ಥ್ರಾಸನ್ ಎದ್ದ.

"ಅಣ್ಣನ ಮನೆಗೆ ಹತ್ತೊಂಬತ್ತು ವರ್ಷ ಹೋಗಿ ಬಂದಿದ್ದೀನಿ. ಒಂದು ದಿನ ಅವಳು ಮುಖ ತೋರಿಸ್ಲಿಲ್ಲ. ನಮ್ಮೋಳೇ ಆಗಿದ್ರೆ ಬಚ್ಚಿಟ್ಕೊಳ್ಳೋ ಕರ್ಮ ಏನಿತ್ತು?"

ನಮ್ಮತ್ತಿಗೆಯನ್ನು ನೋಡಿ ಕಲಿ ಎಂದು ತನ್ನ ಹೆಂಡತಿಯನ್ನು ಬೈಯುತ್ತಿದ್ದವನು ಇವನೇ. ಹರಳು ಎಣಿಸಿದಾಗ ಫಿಲಾಗ್ರನ ಕಡೆಗೆ ಬಿದ್ದದ್ದು ಬರೀ ಒಂಬತ್ತು, ಉಳಿದವೆಲ್ಲ ವಿರುದ್ಧ.

ಆಥೆನ್ಸಿನ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಅಲ್ಲಿಯೂ ಸೋತರೆ ಅವನನ್ನೇ ಗುಲಾಮನಾಗಿ ಮಾರುತ್ತಾರೆ. ಮಗ ಹೋಗುತ್ತೇನೆಂದು ಹಟ ಹಿಡಿದ. ಲಿಸಿಲ್ಲಕ್ಕ ಬಾಗಿಲಿಗೆ ಅಡ್ಡ ಕೂತಳು.

"ತೋಟ ಹೋಗ್ಲಿ, ಮನೆ ಹೋಗ್ಲಿ. ನಿನ್ನ ಹಲ್ಲು ಹಿಡಿದು ನೋಡಿ ಕೊಳ್ಳೋದನ್ನ ನಾನು ನೋಡಲಾರೆ ಕಣೋ."

ಹುಟ್ಟಿದ ಊರಿನಲ್ಲೇ ಹೊರಗಿನವನಾಗಿ ಉಳಿಯಲು ಊರಿನವನೊಬ್ಬ ಅವನ ಹೊಣೆ ಹೊರಬೇಕು. ಹೆಗಿಯಾಸ ಹೊತ್ತ. ಅಂದು ದ್ರಾಕ್ಷಾರಸ ಕೇಳಿ, "ನೋಡಿದ್ಯಾ, ಯಾರೂ ಮುಂದೆ ಬರ್ಲಿಲ್ಲ, ನಾನೇ ನಿಂತೆ," ಎಂದ. ನಾನು ಬಟ್ಟಲಿಗೆ ನೀರನ್ನೇ ಹೆಚ್ಚು ಬೆರೆಸಿ ಕೊಟ್ಟೆ.

ಈಗ ಲಿಸಿಲ್ಲಕ್ಕ ಮಿರ್ಟಳ ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲಿದ್ದಾಳೆ. ಹಗಲೆಲ್ಲ ಸಂತೆಕಟ್ಟೆಯಲ್ಲಿ ಕೂತು ಉಣ್ಣೆನೂಲು ಮಾರುತ್ತಾಳೆ. ಮುಸುಕಿಲ್ಲ. "ಏನ್ ಲಿಸಿಲ್ಲ, ಬಿಸಿಲು ಜೋರಾ?" ಎನ್ನದೆ ಮುಂದೆ ಹೋಗುವ ಗಂಡಸಿಲ್ಲ. ಥ್ರಾಸನ್ ಕೂಡ ನಿಂತು ನೂಲು ಮುಟ್ಟಿ ನೋಡಿದನಂತೆ.

ಇವತ್ತು ಗಂಡಸರು ಹೊಲದಿಂದ ಮರಳುವ ಹೊತ್ತಿಗೆ ಒಂದು ವರ್ಷದ ಮಗನನ್ನೆತ್ತಿಕೊಂಡು ಬಾಗಿಲಲ್ಲಿ ನಿಂತೆ. ಪಕ್ಕದ ಕಿಟಕಿಯಿಂದ ಯಾರೂ ಗದರಲಿಲ್ಲ. ಹೋಗುವವರೆಲ್ಲ ನೋಡಿದರು, ಒಬ್ಬ ಮುದುಕ ಮಗುವಿನ ಕೆನ್ನೆ ತಟ್ಟಿದ. ನಾನು ಹಿಮೆಟ್ಟೋಸ್ ಕೆಳಗಿನ ಫನಿಯನ ಮಗಳು ಎಂದು ಅವನಿಗೆ ಕೇಳುವಂತೆ ಹೇಳಿದೆ.

ಹೆಗಿಯಾಸ ಬಂದವನು ಅಲ್ಲೇ ನಿಂತ. "ಮಾನ ಇಲ್ವಾ? ಒಳಗೆ ನಡಿ."

"ಮಗುವಿಗೆ ಗಾಳಿ ಬೇಕು," ಎಂದೆ. "ಇನ್ನೂ ಹದಿನೇಳು ವರ್ಷ ಬೇಕು."