ನಡುವೆ ಬಿಟ್ಟ ದಾರಿ

ಸಾರಿಸಿದ ಹಸಿ ನೆಲದ ಮೇಲೆ ರಂಗೋಲಿ ಪುಡಿ ಬಿದ್ದರೆ ತಣ್ಣನೆಯ ಒಂದು ವಾಸನೆ ಏಳುತ್ತದೆ. ಅದು ಮೂಗಿಗೆ ತಾಕಿದರೆ ಕಮರಿಪೇಟೆಯ ನಮ್ಮ ಪಡಸಾಲೆ ನೆನಪಾಗುತ್ತದೆ: ಮುಖ ಬಿಗಿದುಕೊಂಡು ಕೂತ ಅಪ್ಪ, ಕಾಕಾ, ಅವರ ನಡುವೆ ನೆಲಕ್ಕೆ ಬಾಗಿದ ಅತ್ತೆ. ಅತ್ತೆ ಅವರಿಬ್ಬರ ಅಕ್ಕ. ಮದುವೆಯಾಗಿರಲಿಲ್ಲ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಅಜ್ಜ ತೀರಿಕೊಂಡ ಮೇಲೆ ಹಳೆಯ ಮನೆ ಕೆಡವಿ, ಮೂರು ಮೂಲೆಯ ಆ ಜಾಗವನ್ನು ಸಮನಾಗಿ ಹಂಚಿಕೊಂಡು ನಡುವೆ ಗೋಡೆ ಎಬ್ಬಿಸಲು, ಮನಸ್ತಾಪದಿಂದ ಮಾತು ಕಡಿಮೆ ಮಾಡಿದ್ದ ತಮ್ಮಂದಿರು ನಿರ್ಧರಿಸಿದ್ದರು. ಲೆಕ್ಕವನ್ನು ಅಕ್ಕನಿಗೇ ಒಪ್ಪಿಸಿದ್ದರು. ಆಮೇಲೆ ಅಕ್ಕ ಎಲ್ಲಿರಬೇಕು ಎಂಬ ಮಾತನ್ನು ಯಾರೂ ಎತ್ತಿರಲಿಲ್ಲ.

ಅತ್ತೆ ಜಾಗದ ಒಂದೊಂದು ಮಾರು ಅಳತೆಗೆ ಒಂದರಂತೆ ಚುಕ್ಕಿ ಇಟ್ಟು ನೆಲದ ಮೇಲೆ ಅದರ ನಕ್ಷೆ ಬರೆದಳು. ಹಿಂದಿನ ನೆರೆಮನೆಯ ಗೋಡೆ ಸೊನ್ನೆಯಿಂದ ಹನ್ನೆರಡರ ತನಕ. ರಸ್ತೆಯೂ ಓಣಿಯೂ ಕೂಡುವ ಮುಂದಿನ ಮೂಲೆ ಅಡ್ಡಕ್ಕೆ ಆರು, ಉದ್ದಕ್ಕೆ ಒಂಬತ್ತು. ಆ ಮೂಲೆಯಿಂದ ಹಿಂದಿನ ಗೋಡೆಯ ಮಧ್ಯಕ್ಕೆ ಗೆರೆ ಎಳೆದಳು. ಎರಡು ಸಮ ಪಾಲು. ಕಾಕಾ ಏಳಲು ಹೊರಟ.

"ಕೂಡೋ, ಇನ್ನೂ ಗಂಟಿ ಬಾರಿಸಿಲ್ಲ," ಎಂದಳು ಅತ್ತೆ. ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ತಿರುಗಿ, "ಮೂರೂ ಮೂಲಿ ಕೂಡಿಸಿ ಮೂರರಿಂದ ಭಾಗಿಸವಾ."

"ಅಡ್ಡಕ್ಕ ಆರು, ಉದ್ದಕ್ಕ ಮೂರು," ಎಂದೆ. ಅತ್ತೆ ಉಳಿದೆರಡು ಮೂಲೆಗಳಿಂದಲೂ ಎದುರಿನ ಬದಿಯ ಮಧ್ಯಕ್ಕೆ ಗೆರೆ ಎಳೆದಳು, ಮೂರೂ ಅಲ್ಲಿಯೇ ಕೂಡಿದವು. ಆ ಚುಕ್ಕಿಯಿಂದ ಆಚೆ ಹೋದ ಗೆರೆಗಳನ್ನು ಬೆರಳಿನಿಂದ ಅಳಿಸಿದಳು. ಮೂರು ಸಮ ಪಾಲು ಉಳಿದವು.

"ಅಕ್ಕಾ, ಎರಡ ಪಾಲು ಕೇಳಿದ್ವಿ," ಎಂದ ಕಾಕಾ.

"ನಮ್ಮಪ್ಪಗ ಮಕ್ಕಳು ಎಷ್ಟೋ?" ಎಂದಳು ಅತ್ತೆ.

ಅಪ್ಪ ಬಾಗಿ ಒಂದೊಂದೇ ಪಾಲಿನ ಅಂಚು ನೋಡಿದ. ಒಂದು ಪಾಲಿಗೆ ರಸ್ತೆ ಇತ್ತು, ಒಂದಕ್ಕೆ ಓಣಿ. ಮೂರನೆಯದಕ್ಕೆ ನೆರೆಯವರ ಗೋಡೆ ಮಾತ್ರ.

"ಸಮ ಅದಾವ, ಖರೇ. ಆದ್ರ ಹಿಂದಿನದಕ್ಕ ಹಾದೀನ ಇಲ್ಲಲ್ಲ. ಅದನ್ನ ಯಾರ ತಗೋತಾರ?" ಎಂದ ಅಪ್ಪ.

"ನಾ ತಗೋತೇನಿ. ಮುಂದಿನ ಮೂಲಿಯಿಂದ ನಿಮ್ಮಿಬ್ಬರ ನಡುವ ಹಾದಿ ಬಿಡ್ರಿ. ದಿನಾ ನಿಮ್ಮ ಬಾಗಲಾ ದಾಟೇ ಬರ್ತೇನಿ. ಮಾತಾಡ್ದ ಹೆಂಗ ಇರ್ತೀರಿ, ನೋಡೇ ಬಿಡೂಣು."

ಅಪ್ಪ ನಕ್ಕ. ಕಾಕಾ ನಗಲಿಲ್ಲ, ಆದರೆ ಒಪ್ಪಿದ.

ಗೋಡೆಯ ಬದಲು ದಾರಿ ಆಯಿತು. ಸಂಜೆ ಅತ್ತೆಯ ಚಪ್ಪಲಿ ಸದ್ದಾದರೆ ಎರಡೂ ಮನೆಯ ಬಾಗಿಲು ತೆರೆಯುತ್ತಿದ್ದವು. ಅಪ್ಪನೂ ಕಾಕಾನೂ ಹೊಸ್ತಿಲಲ್ಲಿ ನಿಂತು ಅವಳ ಜೊತೆ ಮಾತಾಡುತ್ತಿದ್ದರು, ಹಾಗೆಯೇ ಒಬ್ಬರೊಡನೊಬ್ಬರೂ.

ಅತ್ತೆ ತೀರಿಕೊಂಡ ವರ್ಷವೇ ಅಲ್ಲಿ ಗೋಡೆ ಎದ್ದಿತು. ಮುಂದಿನ ಮೂಲೆಯಿಂದ ಹಿಂದಿನ ಗೋಡೆಯ ಮಧ್ಯಕ್ಕೆ, ಅವಳ ಪಾಲನ್ನೂ ಸೀಳಿ, ಅವಳು ಮೊದಲು ಎಳೆದ ಗೆರೆಯ ಮೇಲೆಯೇ. ಲೆಕ್ಕದಲ್ಲಿ ತಪ್ಪಿಲ್ಲ. ಸಂಜೆ ಈಗ ಯಾವ ಬಾಗಿಲೂ ತೆರೆಯುವುದಿಲ್ಲ.